ಕೆರೆನೀರಿನ ಹಸುರು ಕೆನೆಯೂ ಅದರೊಳಗಿನ ವಿಷದ ನಕಲೂ

(ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದ ಗ್ರಾಮ ಮುಖಂಡರಿಗೂ ಭೂಮಾಲಿಕರಿಗೂ ಉಪಯುಕ್ತವಾದ ಪಾಠ)

ನಿಂತ ನೀರಿನಲ್ಲಿ ಪಾಚಿ ಕಟ್ಟುವದು ಎಲ್ಲರೂ ಬಲ್ಲ ಸಂಗತಿ. ದನಕರುಗಳು ಆ ನೀರನ್ನು ಕುಡಿಯುವದೂ, ಹೆಚ್ಚಿನ ಸಲ ಅವಕ್ಕೆ ಏನೂ ಆಗದಿರುವದೂ ಒಕ್ಕಲಿಗರ ನಿತ್ಯದ ಅನುಭವ. ಈ ಅನುಭವದ ಬಲದಿಂದಲೇ ಪಾಚಿಯ ವಿಷಯದಲ್ಲಿ ಅಲಕ್ಷ್ಯವು ಬೆಳೆದಿದೆ. ಆದರೆ ಒಂದೇ ಕೆರೆಯ, ಒಂದೇ ಬಣ್ಣದ ಪಾಚಿಯು ಒಂದು ತಿಂಗಳು ನಿರುಪದ್ರವಿಯಾಗಿದ್ದು, ಮುಂದಿನ ತಿಂಗಳು ಹಾಲೆಮ್ಮೆಯನ್ನು ಕೊಲ್ಲುವಷ್ಟು ವಿಷವುಳ್ಳದ್ದಾಗಬಹುದು. ಹೀಗಾಗಲು ಕಾರಣವೇನು? ವಿಷವುಳ್ಳ ಪಾಚಿಯನ್ನು ಕಣ್ಣಿನಿಂದ ಗುರುತಿಸಲು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಗ್ರಾಮದ ಹಿರಿಯರು ಏನು ಮಾಡತಕ್ಕದ್ದು? ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕ್ರಮವಾಗಿ ವಿವರಿಸುವದೇ ಈ ಪಾಠದ ಉದ್ದೇಶ.

ಈ ಸೀಮೆಯ ನೀರಿನ ಸ್ಥಿತಿ

ಕಾಗಿಣಾ ನದಿಯು ಸೇಡಂ, ಚಿತ್ತಾಪುರ ತಾಲೂಕುಗಳಲ್ಲಿ ಹರಿದು ಭೀಮೆಯನ್ನು ಕೂಡುವದು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವು ಇದರ ದಂಡೆಯಲ್ಲಿಯೇ ಇದೆ. ಚಿಂಚೋಳಿಯ ಕಡೆಗೆ ಮುಲ್ಲಾಮಾರಿ ನದಿಯೂ ಚಂದ್ರಂಪಳ್ಳಿಯ ಜಲಾಶಯವೂ ಇವೆ. ಬೇಸಿಗೆಯಲ್ಲಿ ನದಿಯ ಹರಿವು ಕುಗ್ಗಿ ಮಡುಗಳು ಮಾತ್ರ ಉಳಿಯುವವು. ಇದಲ್ಲದೆ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸುತ್ತಲಿನ ನೆಲವು ಸುಣ್ಣದ ಕಲ್ಲಿನದು. ಶಹಾಬಾದದ ಫರಸಿಗಾಗಿಯೂ ಸಿಮೆಂಟಿಗಾಗಿಯೂ ಕಲ್ಲು ತೆಗೆದ ಖಣಿಗಳಲ್ಲಿ ಮಳೆಯ ನೀರು ನಿಲ್ಲುವದು. ಹತ್ತಿರ ಬೇರೆ ನೀರಿಲ್ಲದಾಗ ದನಗಳು ಅಲ್ಲಿಗೆ ಇಳಿಯುವವು.

ವಿಷದ ಪಾಚಿಯು ಬೆಳೆಯಲು ನಾಲ್ಕು ಅನುಕೂಲಗಳು ಬೇಕು: ಅಲುಗಾಡದ ನೀರು, ಬಲವಾದ ಬಿಸಿಲು, ಕ್ಷಾರಗುಣ, ಹೊಲದಿಂದಲೋ ಊರಿನಿಂದಲೋ ಹರಿದು ಬಂದ ಗೊಬ್ಬರದ ಸತ್ವ. ಸುಣ್ಣದ ಕಲ್ಲಿನ ಮೇಲೆ ನಿಂತ ನೀರು ಸಹಜವಾಗಿಯೇ ಕ್ಷಾರವುಳ್ಳದ್ದು. ಬಿಸಿಲಿಗಂತೂ ಇಲ್ಲಿ ಕೊರತೆಯಿಲ್ಲ. ಅದು ಕಾರಣ ಮೊದಲ ಮಳೆಯು ಹೊಲದ ಸತ್ವವನ್ನು ತೊಳೆದುಕೊಂಡು ಬಂದ ಬಳಿಕ ಬಿಸಿಲು ಬಿದ್ದ ದಿನಗಳಲ್ಲಿಯೂ, ಮಾಘದಿಂದ ವೈಶಾಖದವರೆಗೆ ನೀರು ಇಂಗುತ್ತ ಬರುವ ದಿನಗಳಲ್ಲಿಯೂ ವಿಶೇಷ ಎಚ್ಚರಿಕೆ ಅವಶ್ಯ.

ನೀಲಿ-ಹಸುರು ಪಾಚಿ

ಕೂದಲಿನಂತೆ ಎಳೆಎಳೆಯಾಗಿ ಕಲ್ಲಿಗೆ ಹತ್ತಿಕೊಳ್ಳುವ ಸಾಮಾನ್ಯ ಹಸುರು ಪಾಚಿಯು ಈ ಪಾಠದ ವಿಷಯವಲ್ಲ. ನೀರಿನ ಮೇಲೆ ಬಣ್ಣ ಚೆಲ್ಲಿದಂತೆ ತೇಲುವ ನೀಲಿ-ಹಸುರು ಪಾಚಿಯೇ ಇಲ್ಲಿ ಮುಖ್ಯ. ಇದಕ್ಕೆ ಪಾಚಿ ಎಂಬ ಹೆಸರು ರೂಢಿಯಲ್ಲಿದ್ದರೂ ಇದು ಬ್ಯಾಕ್ಟೀರಿಯಾಗಳ ವಂಶಕ್ಕೆ ಸೇರಿದ್ದು. ಇವುಗಳಲ್ಲಿ ಮೈಕ್ರೊಸಿಸ್ಟಿಸ್ ಎಂಬ ಜಾತಿಯು ಬಹಳ ಪ್ರಸಿದ್ಧ. ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲಿ ಇದು ಕಂಡುಬಂದುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಇದರ ಜೀವಕಣದೊಳಗೆ ಗಾಳಿ ತುಂಬಿದ ಸೂಕ್ಷ್ಮವಾದ ಬುರುಡೆಗಳಿರುವವು. ಇವುಗಳ ಸಹಾಯದಿಂದ ಅದು ಬೆಳಕನ್ನು ಹುಡುಕುತ್ತ ಮೇಲಕ್ಕೆ ತೇಲಿ ಬಂದು, ಗಾಳಿ ಬೀಸಿದ ಕಡೆಯ ದಡದಲ್ಲಿ ದಪ್ಪನಾದ ಕೆನೆಯಾಗಿ ಒಟ್ಟುಗೂಡುವದು.

ಈ ವಂಶದವುಗಳೆಲ್ಲವೂ ವೈರಿಗಳೆಂದು ತಿಳಿಯತಕ್ಕದ್ದಲ್ಲ. ಅಜೋಲಾದ ಎಲೆಯೊಳಗೆ ವಾಸಿಸಿ ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಮಾರ್ಪಡಿಸುವದೂ ನೀಲಿ-ಹಸುರು ಪಾಚಿಯೇ. ಒಂದೇ ಮನೆತನದಲ್ಲಿ ದುಡಿಯುವವನೂ ಕೆಡಿಸುವವನೂ ಹುಟ್ಟಿದಂತೆ ಇದು.

ಹಿಂದೆ ನಡೆದ ಅನಾಹುತಗಳು

1878ರಲ್ಲಿ ಆಸ್ಟ್ರೇಲಿಯದ ಅಲೆಕ್ಸಾಂಡ್ರಿನಾ ಸರೋವರದ ಕೆನೆನೀರನ್ನು ಕುಡಿದು ಕುರಿ, ಕುದುರೆ, ನಾಯಿ, ಹಂದಿಗಳು ಸತ್ತ ವೃತ್ತಾಂತವನ್ನು ಜಾರ್ಜ್ ಫ್ರಾನ್ಸಿಸ್ ಎಂಬವರು ಪ್ರಕಟಿಸಿದರು. ಈ ವಿಷಯದಲ್ಲಿ ಇದು ಮೊದಲನೆಯ ಶಾಸ್ತ್ರೀಯ ವರದಿಯೆಂದು ಪರಿಗಣಿತವಾಗಿದೆ. 1996ರಲ್ಲಿ ಬ್ರೆಜಿಲ್ ದೇಶದ ಕರುವಾರು ಪಟ್ಟಣದಲ್ಲಿ ಮೂತ್ರಪಿಂಡದ ರೋಗಿಗಳ ರಕ್ತಶುದ್ಧಿಗೆ ಇಂತಹ ನೀರು ಬಳಕೆಯಾಗಿ 50ಕ್ಕೂ ಹೆಚ್ಚು ಜನರು ಮೃತರಾದರು. 2014ರ ಆಗಸ್ಟಿನಲ್ಲಿ ಅಮೆರಿಕದ ಟೊಲೆಡೊ ನಗರದಲ್ಲಿ ಲಕ್ಷಾಂತರ ಜನರಿಗೆ ನಳದ ನೀರನ್ನು ಕುಡಿಯಬಾರದೆಂದೂ, ಕುದಿಸಿಯೂ ಕುಡಿಯಬಾರದೆಂದೂ ಆಜ್ಞೆಯಾಯಿತು. 2020ರಲ್ಲಿ ಆಫ್ರಿಕದ ಬೋಟ್ಸ್ವಾನಾ ದೇಶದಲ್ಲಿ 300ಕ್ಕೂ ಮಿಕ್ಕಿ ಆನೆಗಳು ಸತ್ತವು. ನೀರುಗುಂಡಿಗಳ ಪಾಚಿಯ ವಿಷವೇ ಕಾರಣವೆಂದು ಅಲ್ಲಿಯ ಸರಕಾರವು ಪ್ರಕಟಿಸಿತು.

ಕನ್ನಡ ನಾಡಿನ ಅಂಚಿನಲ್ಲಿಯೂ ಇದಕ್ಕೆ ಉದಾಹರಣೆಯುಂಟು. 1983ರಲ್ಲಿ ಕಾಸರಗೋಡು ಸೀಮೆಯ ಕುಂಬಳೆಯ ಅಳಿವೆಯ ಚಿಪ್ಪುಜೀವಿಗಳನ್ನು ತಿಂದವರಿಗೆ ವಿಷಬಾಧೆಯಾಗಿ ಒಬ್ಬ ಹುಡುಗನು ತೀರಿಕೊಂಡನು. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ವಿಜ್ಞಾನಿಗಳು ಇದನ್ನು ಪಾರ್ಶ್ವವಾಯು ತರುವ ಚಿಪ್ಪುವಿಷವೆಂದು ವರದಿ ಮಾಡಿದರು. ಸಮುದ್ರದಲ್ಲಿ ಈ ವಿಷವನ್ನು ತಯಾರಿಸುವದು ಡೈನೊಫ್ಲಾಜಲೇಟ್ ಎಂಬ ಬೇರೊಂದು ಸೂಕ್ಷ್ಮ ಪಾಚಿ. ಅದನ್ನು ಸೋಸಿ ತಿಂದ ಚಿಪ್ಪುಜೀವಿಗಳ ಮಾಂಸದಲ್ಲಿ ವಿಷವು ಶೇಖರವಾಗುವದು. ಸ್ಯಾಕ್ಸಿಟಾಕ್ಸಿನ್ ಎಂಬ ಇದೇ ನರವಿಷವನ್ನು ಸಿಹಿನೀರಿನ ಕೆಲವು ನೀಲಿ-ಹಸುರು ಪಾಚಿಗಳೂ ತಯಾರಿಸಬಲ್ಲವು.

ಮೂಲ ದಫ್ತರವೂ ಅದರ ನಕಲೂ

ವಿಷವು ಹೇಗೆ ತಯಾರಾಗುವದೆಂಬುದನ್ನು ತಿಳಿಯಲು ಜೀವಕಣದ ಆಡಳಿತವನ್ನು ತಿಳಿಯಬೇಕು. ತಾಲೂಕು ಕಚೇರಿಯಲ್ಲಿ ಜಮೀನಿನ ಮೂಲ ದಫ್ತರವಿರುವದು. ಅದನ್ನು ಯಾರೂ ಹೊಲಕ್ಕೆ ಒಯ್ಯುವದಿಲ್ಲ. ಬೇಕಾದ ಪುಟದ ನಕಲನ್ನು ಮಾತ್ರ ತೆಗೆದುಕೊಳ್ಳುವರು. ಜೀವಕಣದಲ್ಲಿ ಡಿ.ಎನ್.ಎ. ಎಂಬುದೇ ಮೂಲ ದಫ್ತರ, ಆರ್.ಎನ್.ಎ. ಎಂಬುದೇ ನಕಲು. ದಫ್ತರದ ಒಂದೊಂದು ಪುಟಕ್ಕೆ ಜೀನ್ ಎಂದು ಹೆಸರು. ನಕಲನ್ನು ಓದಿ ಅದರಂತೆ ಪ್ರೋಟೀನುಗಳನ್ನು ಹೆಣೆಯುವ ಕಾರ್ಖಾನೆಗೆ ರೈಬೋಸೋಮ್ ಎನ್ನುವರು. ಹೀಗೆ ಹುಟ್ಟಿದ ಪ್ರೋಟೀನುಗಳೇ ಜೀವಕಣದ ಆಳುಗಳು.

ದಫ್ತರದಲ್ಲಿ ಒಂದು ಪುಟವಿದ್ದ ಮಾತ್ರಕ್ಕೆ ಕೆಲಸ ನಡೆಯುವದಿಲ್ಲ. ನಕಲು ಹೊರಟರೆ ಮಾತ್ರ ಆಳು ಹುಟ್ಟುವನು. ಆಳು ಹುಟ್ಟಿದರೆ ಮಾತ್ರ ಕೆಲಸವಾಗುವದು. ಪಾಚಿಯ ವಿಷದ ಗುಟ್ಟೆಲ್ಲ ಈ ಮಾತಿನಲ್ಲಿ ಅಡಗಿದೆ.

ಮೈಕ್ರೊಸಿಸ್ಟಿಸ್ ಪಾಚಿಯ ಮುಖ್ಯ ವಿಷಕ್ಕೆ ಮೈಕ್ರೊಸಿಸ್ಟಿನ್ ಎಂದು ಹೆಸರು. ಏಳು ಮಣಿಗಳನ್ನು ಪೋಣಿಸಿದ ಉಂಗುರದಂತಹ ಈ ಅಣುವು ಯಕೃತ್ತನ್ನು ಕೆಡಿಸುವದು. ಇದನ್ನು ರೈಬೋಸೋಮ್ ನೇರವಾಗಿ ಹೆಣೆಯುವದಿಲ್ಲ. ಅದು ಹೆಣೆದ ದೊಡ್ಡ ಆಳುಗಳ ತಂಡವೊಂದು ಸೇರಿ ಇದನ್ನು ಜೋಡಿಸುವದು. ಈ ತಂಡವನ್ನು ಹುಟ್ಟಿಸುವ 10 ಜೀನುಗಳ ಗುಂಪು ಸುಮಾರು 55,000 ಅಕ್ಷರಗಳಷ್ಟು ಉದ್ದವಾದದ್ದೆಂದು 2000ರಲ್ಲಿ ವರದಿಯಾಯಿತು. ನಕಲು ಮಾಡುವ ಕೆಲಸವು ಗುಂಪಿನ ನಡುವಿನಿಂದ ಹೊರಟು ಎರಡು ದಿಕ್ಕುಗಳಿಗೆ ಸಾಗುವದು.

ನಕಲಿನ ರಚನೆ

ಆರ್.ಎನ್.ಎ.ಯು ನಾಲ್ಕೇ ಅಕ್ಷರಗಳಿಂದಾದ ಒಂಟಿ ಎಳೆ. ಈ ಅಕ್ಷರಗಳಲ್ಲಿ 'ಎ' ಎಂಬುದಕ್ಕೆ 'ಯು' ಎಂಬುದೂ, 'ಜಿ' ಎಂಬುದಕ್ಕೆ 'ಸಿ' ಎಂಬುದೂ ಜೋಡಿ. ಬಿಗಿಯಾಗಿ ಹೊಸೆದ ಹಗ್ಗವು ಸಡಿಲಾದಾಗ ತನ್ನ ಮೇಲೆ ತಾನೇ ಸುತ್ತಿಕೊಂಡು ಕುಣಿಕೆಯಾಗುವದಷ್ಟೆ. ಅದರಂತೆ ಈ ಎಳೆಯೂ ಜೋಡಿ ಅಕ್ಷರಗಳು ಎದುರಾದಲ್ಲಿ ಕೂಡಿಕೊಂಡು ಕುಣಿಕೆಗಳಾಗಿ ಮಡಿಯುವದು. ಪ್ರೋಟೀನಿನ ಮಣಿಗಳನ್ನು ಕಾರ್ಖಾನೆಗೆ ಹೊತ್ತು ತರುವ ಹಮಾಲರೂ ಆರ್.ಎನ್.ಎ.ಗಳೇ, ಅವನ್ನು ಚಿತ್ರದಲ್ಲಿ ಬರೆದರೆ ಮೂರೆಲೆಯ ಸೊಪ್ಪಿನ ಆಕಾರ ಬರುವದು. ಈ ಜಾತಿಯ ಒಂದು ಆರ್.ಎನ್.ಎ.ಯ ಪೂರ್ಣ ಅಕ್ಷರಮಾಲೆಯನ್ನು 1965ರಲ್ಲಿ ಪ್ರಕಟಿಸಿದ ರಾಬರ್ಟ್ ಹಾಲಿಯವರು, ಭಾರತದಲ್ಲಿ ಹುಟ್ಟಿದ ಹರಗೋಬಿಂದ ಖೊರಾನಾ ಹಾಗೂ ಮಾರ್ಷಲ್ ನಿರೆನ್‌ಬರ್ಗ್ ಅವರೊಂದಿಗೆ 1968ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಮಡಿಕೆಯು ಕೇವಲ ಆಕಾರಕ್ಕಾಗಿ ಇರುವದಲ್ಲ. ಅದು ಕೆಲವೆಡೆ ಅಧಿಕಾರವನ್ನೂ ನಡೆಸುವದು. ಸಾರಜನಕವು ಸಮೃದ್ಧವಾದಾಗ ಜೀವಕಣದಲ್ಲಿ ಗ್ಲುಟಮಿನ್ ಎಂಬ ವಸ್ತು ಹೆಚ್ಚುವದು. ನೀಲಿ-ಹಸುರು ಪಾಚಿಗಳ ಕೆಲವು ನಕಲುಗಳ ಆರಂಭದಲ್ಲಿ ಗ್ಲುಟಮಿನ್ ಬಂದು ಕೂಡುವಂತಹ ಗೂಡೊಂದು ಇರುವದೆಂದು 2011ರಲ್ಲಿ ಸಿದ್ಧವಾಯಿತು. ಗ್ಲುಟಮಿನ್ ಕೂಡಿದೊಡನೆ ನಕಲಿನ ಮಡಿಕೆ ಬದಲಾಗಿ, ಆ ನಕಲಿನಂತೆ ನಡೆಯತಕ್ಕ ಕೆಲಸದ ಪ್ರಮಾಣವೂ ಬದಲಾಗುವದು. ಇದು ವಿಷದ ನಕಲಲ್ಲ, ಸಾರಜನಕದ ವ್ಯವಹಾರದ ನಕಲು. ಆದರೂ ಹೊಲದಿಂದ ಹರಿದು ಹೋದ ಯೂರಿಯಾದ ಸುದ್ದಿಯು ಪಾಚಿಯ ಒಳಮನೆಯವರೆಗೆ ಹೇಗೆ ಮುಟ್ಟುವದೆಂಬುದನ್ನು ಇದು ಚೆನ್ನಾಗಿ ತೋರಿಸುವದು.

ನಕಲಿನ ಸಂಸ್ಕರಣ

ಕೆಲವು ನಕಲುಗಳು ಬರೆದ ಕೂಡಲೆ ಉಪಯೋಗಕ್ಕೆ ಬರುವದಿಲ್ಲ. ನಡುವೆ ಬೇಡದ ಭಾಗವಿದ್ದರೆ ಅದನ್ನು ಕತ್ತರಿಸಿ ತೆಗೆದು, ಉಳಿದ ತುದಿಗಳನ್ನು ಬೆಸೆಯಬೇಕು. ಅನಾಬೀನಾ ಎಂಬ ನೀಲಿ-ಹಸುರು ಪಾಚಿಯ ಒಂದು ಹಮಾಲ ಆರ್.ಎನ್.ಎ.ಯಲ್ಲಿ ಇಂತಹ ಭಾಗವಿರುವದೆಂದೂ, ಆ ಆರ್.ಎನ್.ಎ.ಯು ಯಾವ ಪ್ರೋಟೀನಿನ ಸಹಾಯವಿಲ್ಲದೆ ತನ್ನನ್ನು ತಾನೇ ಕತ್ತರಿಸಿ ಬೆಸೆದುಕೊಳ್ಳಬಲ್ಲದೆಂದೂ 1990ರಲ್ಲಿ ತೋರಿಸಲ್ಪಟ್ಟಿತು. ಇದೇ ಭಾಗವು ಇದೇ ಸ್ಥಳದಲ್ಲಿ ನೆಲದ ಸಸ್ಯಗಳ ಎಲೆಯ ಹಸುರು ಕಣಗಳಲ್ಲಿಯೂ ಉಂಟು. ಹೊಲದ ಜೋಳದ ಎಲೆಯ ಹಸುರೂ ತೊಗರಿಯ ಎಲೆಯ ಹಸುರೂ ಬಹು ಪ್ರಾಚೀನ ಕಾಲದ ನೀಲಿ-ಹಸುರು ಪಾಚಿಯ ಸಂತತಿಯೇ ಎಂಬುದಕ್ಕೆ ಇದೊಂದು ಸಾಕ್ಷಿ.

ಸಮುದ್ರದ ಡೈನೊಫ್ಲಾಜಲೇಟುಗಳ ಪದ್ಧತಿ ಬೇರೆ. ಹಳೆಯ ಕಾಲದಲ್ಲಿ ಯಾವ ಕಾಗದವನ್ನು ಬರೆದರೂ ತಲೆಯಲ್ಲಿ 'ಶ್ರೀ' ಎಂದು ಬರೆಯುತ್ತಿದ್ದರಷ್ಟೆ. ಈ ಪಾಚಿಗಳು ತಮ್ಮ ನಕಲುಗಳ ತಲೆಗೆ 22 ಅಕ್ಷರಗಳ ಒಂದೇ ಶಿರೋಲೇಖವನ್ನು ಬೇರೆ ಕಡೆಯಿಂದ ತಂದು ಅಂಟಿಸುವವು. ಇದು 2007ರಲ್ಲಿ ಗೊತ್ತಾಯಿತು. ಸ್ಯಾಕ್ಸಿಟಾಕ್ಸಿನ್ ವಿಷದ ಜೀನುಗಳು 2008ರಲ್ಲಿ ನೀಲಿ-ಹಸುರು ಪಾಚಿಯಲ್ಲಿ ದೊರೆತವು. ಅವುಗಳಲ್ಲಿ ಮೊದಲನೆಯದಕ್ಕೆ ಸರಿಯಾದ ಜೀನು 2011ರಲ್ಲಿ ಡೈನೊಫ್ಲಾಜಲೇಟುಗಳಲ್ಲಿಯೂ ದೊರೆಯಿತು. ಅದರ ನಕಲಿನ ತಲೆಯಲ್ಲಿ ಇದೇ 22 ಅಕ್ಷರಗಳಿದ್ದವು. ವಿಷವು ಒಂದೇ, ಆದರೆ ಕೆರೆಯ ಪಾಚಿಯು ನಕಲನ್ನು ಬರೆಯುತ್ತಿರುವಾಗಲೇ ಕೆಲಸಕ್ಕೆ ಹಚ್ಚುವದು, ಕಡಲಿನ ಪಾಚಿಯು ನಕಲಿಗೆ ಶಿರೋಲೇಖವನ್ನೂ ಬಾಲವನ್ನೂ ಜೋಡಿಸಿದ ಮೇಲೆಯೇ ಕೆಲಸಕ್ಕೆ ಕಳಿಸುವದು.

ಕಣ್ಣು ಏಕೆ ಮೋಸ ಹೋಗುವದು

ಒಂದೇ ಕೆನೆಯಲ್ಲಿ ವಿಷದ ಜೀನುಳ್ಳ ಮೈಕ್ರೊಸಿಸ್ಟಿಸ್ ಮತ್ತು ಅದಿಲ್ಲದ ಮೈಕ್ರೊಸಿಸ್ಟಿಸ್ ಬೆರೆತಿರುವವು. ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಇವೆರಡೂ ಒಂದೇ ತೆರನಾಗಿ ಕಾಣುವವು. ಇವುಗಳ ಪಾಲು ವಾರವಾರಕ್ಕೆ ಬದಲಾಗಬಹುದು. ಮೇಲಾಗಿ ಜೀನುಳ್ಳವೂ ಎಲ್ಲ ಕಾಲಕ್ಕೆ ಒಂದೇ ಪ್ರಮಾಣದಲ್ಲಿ ನಕಲು ತೆಗೆಯುವದಿಲ್ಲ. ಬೆಳಕು ಹೆಚ್ಚಿದಾಗ ವಿಷದ ನಕಲುಗಳು ಹೆಚ್ಚುವವೆಂದು ಪ್ರಯೋಗಶಾಲೆಯಲ್ಲಿ ಕಂಡಿದೆ. ಕಬ್ಬಿಣದ ಕೊರತೆಯೂ, ಸಾರಜನಕದ ಸ್ಥಿತಿಯೂ ಇದರ ಮೇಲೆ ಪರಿಣಾಮ ಮಾಡುವವು. ಆದುದರಿಂದ "ಹೋದ ವರ್ಷ ಇದೇ ನೀರು ಕುಡಿದು ಏನೂ ಆಗಲಿಲ್ಲ" ಎಂಬ ಮಾತು ಈ ವರ್ಷಕ್ಕೆ ಜಾಮೀನಾಗಲಾರದು.

ಪರೀಕ್ಷೆಗಳು ಮೂರು ಬಗೆ. ಜೀನಿನ ಪರೀಕ್ಷೆಯು ದಫ್ತರದಲ್ಲಿ ವಿಷದ ಪುಟವುಂಟೋ ಇಲ್ಲವೋ ಎಂಬುದನ್ನು ಹೇಳುವದು. ಆರ್.ಎನ್.ಎ. ಪರೀಕ್ಷೆಯು ಆ ಪುಟದ ನಕಲು ಈಗ ಹೊರಡುತ್ತಿದೆಯೋ ಎಂಬುದನ್ನು ಹೇಳುವದು. ವಿಷದ ಪರೀಕ್ಷೆಯು ನೀರಿನಲ್ಲಿ ಈ ಹೊತ್ತು ಎಷ್ಟು ವಿಷವಿದೆ ಎಂಬುದನ್ನು ಹೇಳುವದು. 2020-21ರ ಕೊರೋನಾ ಕಾಲದಲ್ಲಿ ಮೂಗಿನ ದ್ರವವನ್ನು ತೆಗೆದು ಮಾಡಿದ ಆರ್.ಟಿ.ಪಿ.ಸಿ.ಆರ್. ಪರೀಕ್ಷೆಯೂ ಆರ್.ಎನ್.ಎ. ಪರೀಕ್ಷೆಯೇ ಆಗಿತ್ತು. ಆದರೆ ಆರ್.ಎನ್.ಎ.ಯು ಬಹು ಬೇಗ ಒಡೆದು ಹೋಗುವ ವಸ್ತು. ಸೀಸೆಯಲ್ಲಿ ತುಂಬಿ ಬಿಸಿಲಲ್ಲಿ ಒಯ್ದ ನೀರಿನಿಂದ ಅದು ಸರಿಯಾಗಿ ದೊರೆಯದು. ನಕಲು ನಿಂತ ಮೇಲೂ ಮೊದಲು ತಯಾರಾದ ವಿಷವು ನೀರಿನಲ್ಲಿ ಉಳಿದಿರಬಹುದು. ಆದ್ದರಿಂದ ನೀರು ಕುಡಿಯಲು ತಕ್ಕದ್ದೋ ಎಂಬ ಕೊನೆಯ ತೀರ್ಪು ವಿಷದ ಪರೀಕ್ಷೆಯದೇ.

ವಿಶ್ವ ಆರೋಗ್ಯ ಸಂಸ್ಥೆಯು ಜನರು ನಿತ್ಯ ಕುಡಿಯುವ ನೀರಿನಲ್ಲಿ ಮೈಕ್ರೊಸಿಸ್ಟಿನ್ ಲೀಟರಿಗೆ 1 ಮೈಕ್ರೋಗ್ರಾಮಿನ ಮಿತಿಯೊಳಗಿರಬೇಕೆಂದು ಹೇಳಿದೆ. 20 ಮೀಟರ್ ಉದ್ದ, 10 ಮೀಟರ್ ಅಗಲ, 5 ಮೀಟರ್ ಆಳದ ಖಣಿಯಲ್ಲಿ 10 ಲಕ್ಷ ಲೀಟರ್ ನೀರು ಹಿಡಿಯುವದು. ಅಷ್ಟು ನೀರಿಗೆ ಕೇವಲ 1 ಗ್ರಾಂ ವಿಷ ಬೆರೆತರೆ ಈ ಮಿತಿಯು ತುಂಬಿತು.

ದನಗಳಲ್ಲಿ ಕಾಣುವ ಲಕ್ಷಣಗಳು

ಯಕೃತ್ತಿನ ವಿಷವಾದರೆ ದನವು ಮೇವು ಬಿಡುವದು, ನಿತ್ರಾಣವಾಗಿ ಮಲಗುವದು, ಒಸಡು ಬಿಳಿಚುವದು, ಭೇದಿಯೂ ಆಗಬಹುದು. ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಸಾಯುವದು. ಬದುಕಿ ಉಳಿದ ದನಗಳ ಬಿಳಿ ಚರ್ಮವು ಬಿಸಿಲಿಗೆ ಸುಟ್ಟಂತೆ ಆಗುವದುಂಟು. ನರದ ವಿಷವಾದರೆ ಮೈ ನಡುಗಿ, ತೂರಾಡಿ, ಉಸಿರು ಕಟ್ಟಿ ಬೇಗನೆ ಸಾಯುವದು. ಇಂತಹ ಸಾವನ್ನು ಹಾವಿನ ಕಡಿತವೆಂದೋ, ಎಳೆಯ ಜೋಳವನ್ನು ಮೇದ ವಿಷವೆಂದೋ ತಿಳಿದು ಸುಮ್ಮನಾಗುವ ಸಂಭವವುಂಟು. ಹಾಗೆ ಸುಮ್ಮನಾದರೆ ಉಳಿದ ದನಗಳೂ ಮರುದಿನ ಅದೇ ನೀರಿಗೆ ಹೋಗುವವು. ಆದಕಾರಣ ದನವು ಏನನ್ನು ಮೇಯಿತೆಂಬುದರೊಡನೆ ಎಲ್ಲಿ ನೀರು ಕುಡಿಯಿತೆಂಬುದನ್ನೂ ತಪ್ಪದೆ ವಿಚಾರಿಸತಕ್ಕದ್ದು. ಈ ವಿಷಕ್ಕೆ ನಿಶ್ಚಿತವಾದ ಪ್ರತಿವಿಷವಿಲ್ಲ, ತಡೆಯುವದೇ ಉಪಾಯ.

ಗ್ರಾಮದಲ್ಲಿಯೇ ಮಾಡತಕ್ಕ ಎರಡು ಪರೀಕ್ಷೆಗಳು

ಮೊದಲನೆಯದು ಕೋಲಿನ ಪರೀಕ್ಷೆ. ಉದ್ದನ್ನ ಕೋಲನ್ನು ಕೆನೆಯಲ್ಲಿ ಅದ್ದಿ ಎತ್ತಬೇಕು. ಎಳೆಎಳೆಯಾಗಿ ಜೋತುಬಿದ್ದರೆ ಅದು ಬಹುಶಃ ಸಾಮಾನ್ಯ ಹಸುರು ಪಾಚಿ. ಬಣ್ಣ ಬಳಿದಂತೆ ಕೋಲಿಗೆ ಹತ್ತಿದರೆ ನೀಲಿ-ಹಸುರು ಪಾಚಿಯೆಂದು ಸಂಶಯಪಡತಕ್ಕದ್ದು.

ಎರಡನೆಯದು ಸೀಸೆಯ ಪರೀಕ್ಷೆ. ಕೈಗೆ ರಬ್ಬರಿನ ಚೀಲ ಹಾಕಿಕೊಂಡು, ಬಿಳಿಯ ಗಾಜಿನ ಸೀಸೆಯಲ್ಲಿ ಮುಕ್ಕಾಲು ಭಾಗ ನೀರು ತುಂಬಿ, ಒಂದು ರಾತ್ರಿ ಅಲುಗಾಡಿಸದೆ ತಂಪಿನಲ್ಲಿಡಬೇಕು. ಹಸುರು ತಳಕ್ಕೆ ಕೂತರೆ ಭಯ ಕಡಿಮೆ. ಮೇಲೆ ಬಂದು ಬಳೆಯಂತೆ ಕಟ್ಟಿದರೆ ಸಂಶಯ ಬಲವಾಯಿತು. ಈ ಪರೀಕ್ಷೆಗಳು ಪಾಚಿಯ ಜಾತಿಯ ಸುಳಿವನ್ನು ಮಾತ್ರ ಕೊಡುವವು, ವಿಷವಿಲ್ಲವೆಂದು ಸಿದ್ಧಪಡಿಸಲಾರವು.

ಪಾಚಿಯ ಮೂಲಕ್ಕೆ ಗೊಬ್ಬರದ ಲೆಕ್ಕ

50 ಕಿಲೋ ಡಿ.ಎ.ಪಿ. ಚೀಲದಲ್ಲಿ ಸುಮಾರು 10 ಕಿಲೋ ರಂಜಕವಿದೆ. 1 ಕಿಲೋ ರಂಜಕವು ಅನುಕೂಲ ಸನ್ನಿವೇಶದಲ್ಲಿ ಸುಮಾರು 500 ಕಿಲೋ ಹಸಿ ಪಾಚಿಯನ್ನು ಬೆಳೆಸಬಲ್ಲದೆಂದು ಅಂದಾಜುಂಟು. ಚೀಲದ ಹತ್ತನೆಯ ಒಂದು ಪಾಲು ಮಳೆಯಲ್ಲಿ ಕೆರೆಗೆ ಹೋದರೂ ಒಕ್ಕಲಿಗನು ತನ್ನ ಹಣದಿಂದ 500 ಕಿಲೋ ಪಾಚಿಯನ್ನು ಬೆಳೆದಂತಾಯಿತು. ಹೊಲಕ್ಕೆ ನಷ್ಟ, ಕೆರೆಗೂ ನಷ್ಟ. ಊರ ಬಚ್ಚಲ ನೀರು, ತಿಪ್ಪೆಯ ರಸ, ಸಾಬೂನಿನ ನೀರುಗಳೂ ಇದೇ ಲೆಕ್ಕಕ್ಕೆ ಸೇರುವವು.

ಗ್ರಾಮ ಮುಖಂಡರು ಪಾಲಿಸತಕ್ಕ ನಿಯಮಗಳು

1. ಬಣ್ಣ ಚೆಲ್ಲಿದಂತಹ ಕೆನೆ ಕಂಡ ದಿನವೇ ಡಂಗುರ ಸಾರಿಸಿ, ದನಗಳನ್ನೂ ಈಜುವ ಮಕ್ಕಳನ್ನೂ ಆ ನೀರಿಗೆ ಬಿಡದಂತೆ ತಡೆಯತಕ್ಕದ್ದು. ಪರೀಕ್ಷೆಯ ಫಲ ಬರುವವರೆಗೆ ಕಾಯತಕ್ಕದ್ದಲ್ಲ.

2. ದನಗಳಿಗೆ ಬಾವಿ ಇಲ್ಲವೆ ಕೊಳವೆಬಾವಿಯ ನೀರನ್ನು ದೋಣಿಗೆ ತುಂಬಿ ಕುಡಿಸತಕ್ಕದ್ದು.

3. ನೀರನ್ನು ಕುದಿಸಿದರೆ ವಿಷವು ಹೋಗುವದೆಂದು ನಂಬತಕ್ಕದ್ದಲ್ಲ. ಮೈಕ್ರೊಸಿಸ್ಟಿನ್ ಕುದಿತಕ್ಕೆ ಅಳಿಯುವದಿಲ್ಲ.

4. ಕೆನೆ ಕಟ್ಟಿದ ನೀರಿಗೆ ಮೈಲುತುತ್ತವನ್ನು ಹಾಕಬಾರದು. ಅದರಿಂದ ಪಾಚಿಯ ಕಣಗಳು ಒಡೆದು ಒಳಗಿನ ವಿಷವೆಲ್ಲ ಒಮ್ಮೆಲೆ ನೀರಿಗೆ ಬೀಳುವದು. ಪಾಚಿ ತಾನಾಗಿ ಸತ್ತು ನೀರು ತಿಳಿಯಾದ ಮೇಲೂ ಕೆಲವು ವಾರ ಎಚ್ಚರವಿರತಕ್ಕದ್ದು.

5. ಕೆನೆನೀರನ್ನು ಕಾಯಿಪಲ್ಲೆಯ ಎಲೆಗಳ ಮೇಲೆ ಸಿಂಪಡಿಸಬಾರದು. ಆ ನೀರಿನ ಮೀನಿನ ಯಕೃತ್ತು, ಕರುಳುಗಳನ್ನು ತಿನ್ನಬಾರದು.

6. ದನವು ಸತ್ತರೆ ಕೂಡಲೆ ಪಶುವೈದ್ಯರಿಗೆ ತಿಳಿಸಿ ಶವಪರೀಕ್ಷೆ ಮಾಡಿಸತಕ್ಕದ್ದು. ಕೆನೆನೀರಿನ ಸೀಸೆಯನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ, ಮಂಜುಗಡ್ಡೆಯೊಡನೆ ಅದೇ ದಿನ ಕಳಿಸತಕ್ಕದ್ದು. ರೈತ ಸಂಪರ್ಕ ಕೇಂದ್ರಕ್ಕೂ ಸುದ್ದಿ ಮುಟ್ಟಿಸತಕ್ಕದ್ದು.

7. ಮಣ್ಣು ಪರೀಕ್ಷೆಯಂತೆ ಅಳತೆಗೆ ತಕ್ಕಷ್ಟೇ ಗೊಬ್ಬರವನ್ನು ಬಿತ್ತುವ ಸಾಲಿನಲ್ಲಿ ಮಣ್ಣಿನೊಳಗೆ ಬೀಳುವಂತೆ ಹಾಕತಕ್ಕದ್ದು. ಒಡ್ಡುಗಳನ್ನು ಬಲಪಡಿಸಿ, ಕೆರೆಯ ಅಂಚಿನಲ್ಲಿ ಅಗಲವಾದ ಹುಲ್ಲಿನ ಪಟ್ಟಿಯನ್ನು ಉಳಿಸತಕ್ಕದ್ದು. ತಿಪ್ಪೆಯನ್ನು ಹಳ್ಳದ ಇಳಿಜಾರಿನಲ್ಲಿ ಹಾಕಬಾರದು.

8. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೂಳನ್ನು ತೆಗೆದು ಹೊಲಕ್ಕೆ ಹಾಕತಕ್ಕದ್ದು. ಪಾಚಿಗೆ ಆಹಾರವಾಗುವ ಸತ್ವವು ಇದರಿಂದ ಬೆಳೆಗೆ ಆಹಾರವಾಗುವದು.

ಈ ನಿಯಮಗಳಲ್ಲಿ ಮೊದಲನೆಯದೇ ಎಲ್ಲಕ್ಕೂ ಮುಖ್ಯವಾದುದು. ಕೆನೆಯೊಳಗಿನ ನಕಲನ್ನು ಓದುವದು ಪ್ರಯೋಗಶಾಲೆಯ ಕೆಲಸ. ಕೆನೆಯನ್ನು ಕಂಡೊಡನೆ ದನಗಳನ್ನು ಹಿಂದಕ್ಕೆ ತಿರುಗಿಸುವದು ಗ್ರಾಮದ ಕೆಲಸ. ಒಂದು ದಿನದ ತಡವು ಬಡ ಒಕ್ಕಲಿಗನ ಜೋಡೆತ್ತನ್ನೇ ನುಂಗಬಹುದು. ಒಂದು ದಿನದ ಅನಾವಶ್ಯಕ ಎಚ್ಚರಿಕೆಯಿಂದ ಆಗುವ ನಷ್ಟವು ನಾಲ್ಕು ಕೊಡ ಬಾವಿಯ ನೀರು ಸೇದುವ ಶ್ರಮ ಮಾತ್ರ. ಯಾವುದು ಲಾಭವೆಂಬುದನ್ನು ಗ್ರಾಮದ ಹಿರಿಯರು ತಾವೇ ತೂಗಿ ನೋಡಬಹುದು.